ರೆಜ್ಜೊ ಎಮಿಲಿಯಾ ಶಿಶುವಿಹಾರಗಳು

ಉತ್ತರ ಇಟಲಿಯ ರೆಜ್ಜೊ ಎಮಿಲಿಯಾ ನಗರದಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಬೆಳೆದ ಶಿಶುಶಿಕ್ಷಣ ಪದ್ಧತಿ. ಆರು ವರ್ಷದೊಳಗಿನ ಮಕ್ಕಳು ಗೊತ್ತುಪಡಿಸಿದ ಪಾಠಗಳ ಹಂಗಿಲ್ಲದೆ ಜೇಡಿಮಣ್ಣು, ಬಣ್ಣ, ತಂತಿ, ಕಾಗದ, ಬೆಳಕು, ನೆರಳುಗಳೊಡನೆ ಆಡುತ್ತ ತಮ್ಮ ವಿಚಾರಗಳಿಗೆ ರೂಪ ಕೊಡುವುದು ಇದರ ತಿರುಳು. ಕಲಾಶಿಕ್ಷಣದ ವಿಧಾನವೆಂದಷ್ಟೇ ಇದನ್ನು ತಿಳಿದರೆ ಅರ್ಧ ಚರಿತ್ರೆ ಬಿಟ್ಟುಹೋಗುತ್ತದೆ. ಒಂದು ಊರು ತನ್ನ ಖರ್ಚಿನಲ್ಲಿ ಕಟ್ಟಿ, ಜಗಳವಾಡಿ ಉಳಿಸಿಕೊಂಡ ಸಾರ್ವಜನಿಕ ವ್ಯವಸ್ಥೆಯಿದು.

1945ರ ಏಪ್ರಿಲ್‌ನಲ್ಲಿ ಯುದ್ಧ ನಿಂತ ಕೆಲವೇ ದಿನಗಳಲ್ಲಿ ನಗರದ ಬಳಿಯ ವಿಲ್ಲಾ ಚೆಲ್ಲಾ ಹಳ್ಳಿಯ ಜನ ಪುಟ್ಟ ಮಕ್ಕಳಿಗಾಗಿ ಶಾಲೆ ಕಟ್ಟಲು ಹೊರಟರು. ಜರ್ಮನ್ ಸೈನಿಕರು ಬಿಟ್ಟುಹೋದ ಟ್ಯಾಂಕು, ಲಾರಿ, ಕುದುರೆಗಳನ್ನು ಮಾರಿ ಬಂದ ಹಣವೇ ಬಂಡವಾಳ. ರೈತನೊಬ್ಬ ಜಾಗ ಕೊಟ್ಟ. ಬಾಂಬಿಗೆ ಕುಸಿದ ಮನೆಗಳ ಇಟ್ಟಿಗೆ, ತೊಲೆಗಳನ್ನು ಆಯ್ದು ತಂದರು. ಮರಳು ಹೊಳೆಯಿಂದ ಬಂತು. ರಾತ್ರಿ, ಭಾನುವಾರಗಳಲ್ಲಿ ತಾವೇ ದುಡಿದರು. ಸುದ್ದಿ ಕೇಳಿ ಸೈಕಲ್ಲೇರಿ ನೋಡಲು ಬಂದ ಯುವ ಉಪಾಧ್ಯಾಯ ಲೋರಿಸ್ ಮಾಲಾಗುಟ್ಸಿ (1920–1994) ಮುಂದೆ ಈ ಪದ್ಧತಿಯ ಪ್ರಮುಖ ಚಿಂತಕನಾದ.

ಆಗ ಇಟಲಿಯಲ್ಲಿ ಶಿಶುಶಾಲೆಗಳು ಬಹುಮಟ್ಟಿಗೆ ಚರ್ಚಿನ ಕೈಯಲ್ಲಿದ್ದವು. ರೆಜ್ಜೊ ನಗರಸಭೆ ತನ್ನದೇ ಮೊದಲ ಶಿಶುವಿಹಾರ ‘ರಾಬಿನ್ಸನ್’ ತೆರೆದದ್ದು 1963ರಲ್ಲಿ. ಜನರ ನಂಬಿಕೆ ಗಳಿಸಲು ವಾರಕ್ಕೊಮ್ಮೆ ಮಕ್ಕಳನ್ನೂ ಸಾಮಗ್ರಿಗಳನ್ನೂ ಊರೊಳಗಿನ ಚೌಕಗಳಿಗೆ ಕರೆತಂದು ಎಲ್ಲರ ಕಣ್ಣೆದುರೇ ಶಾಲೆ ನಡೆಸುತ್ತಿದ್ದರು. 1976ರ ನವೆಂಬರ್‌ನಲ್ಲಿ ರೇಡಿಯೊದಲ್ಲಿ ಏಳು ದಿನ ಈ ಶಾಲೆಗಳ ವಿರುದ್ಧ ಪ್ರಚಾರ ನಡೆದಾಗಲೂ ಮಾಲಾಗುಟ್ಸಿ ಮಾಡಿದ್ದು ಅಂಥದ್ದೇ ಕೆಲಸ: ಬಾಗಿಲು ತೆರೆದು ಪಾದ್ರಿಗಳನ್ನೂ ಚರ್ಚೆಗೆ ಕರೆದ. ತಿಂಗಳುಗಟ್ಟಲೆ ಮಾತುಕತೆ ನಡೆದು ವಿರೋಧ ತಣ್ಣಗಾಯಿತು.

ಪ್ರತಿ ಶಾಲೆಯಲ್ಲೂ ‘ಅಟೆಲಿಯೆ’ ಎಂಬ ಕಾರ್ಯಾಗಾರ, ಅದಕ್ಕೆ ಕಲೆಯ ಹಿನ್ನೆಲೆಯ ‘ಅಟೆಲಿಯರಿಸ್ತಾ’ ಇರಬೇಕೆಂದದ್ದು ಇಲ್ಲಿನ ದಿಟ್ಟ ನಿರ್ಧಾರ. ಕಲೆಯನ್ನು ವಾರದ ಒಂದು ಪಿರಿಯಡ್ಡಿಗೆ ಕಟ್ಟಿಹಾಕದೆ ಯೋಚಿಸುವ ದಾರಿಯನ್ನಾಗಿ ಕಂಡದ್ದರಿಂದ ಗಣಿತ, ವಿಜ್ಞಾನಗಳೂ ಅದರೊಳಗೇ ಬಂದವು. ‘ಡಯಾನಾ’ ಶಾಲೆಯ ಮಕ್ಕಳು ತಮ್ಮ ಮೇಜಿನಂಥದೇ ಇನ್ನೊಂದು ಮೇಜು ಬೇಕೆಂದಾಗ ಬಡಗಿ ಅಳತೆ ಕೇಳಿದ. ಮಕ್ಕಳು ಬೆರಳು, ಗೇಣು, ಪಾದಗಳಿಂದ ಅಳೆದರು. ಒಬ್ಬೊಬ್ಬರ ಲೆಕ್ಕ ಒಂದೊಂದು ಥರ ಬಂತು. ಕಾಗದದ ಪಟ್ಟಿಯಲ್ಲಿ ಮನಬಂದಂತೆ ಅಂಕಿ ಬರೆದು ಸ್ವಂತ ಅಳತೆಪಟ್ಟಿಗಳನ್ನೂ ಮಾಡಿದರು. ಕೊನೆಗೆ ಒಬ್ಬ ಹುಡುಗನ ಬೂಟನ್ನು ಎಲ್ಲರೂ ಒಪ್ಪಿ, ಅಲ್ಲಿಂದ ಮೀಟರಿಗೆ ಬಂದರು. ಶಿಕ್ಷಕಿಯರು ಮೊದಲ ದಿನವೇ ಮೀಟರ್ ಕಡ್ಡಿ ಕೈಗಿಟ್ಟಿದ್ದರೆ ಈ ಶೋಧನೆ ನಡೆಯುತ್ತಲೇ ಇರಲಿಲ್ಲ. ಮಕ್ಕಳ ಮಾತು, ರೇಖಾಚಿತ್ರ, ತಪ್ಪು ಲೆಕ್ಕಗಳನ್ನೆಲ್ಲ ಅವರು ಬರೆದಿಟ್ಟದ್ದರಿಂದಲೇ ಇಂದು ಇದು ನಮಗೆ ತಿಳಿದಿದೆ. ಈ ದಾಖಲಿಸುವ ಶಿಸ್ತು ಪದ್ಧತಿಯ ಬೆನ್ನೆಲುಬು.

ಬಾಲಸಾಹಿತಿ ಜಾನ್ನಿ ರೊದಾರಿ 1972ರಲ್ಲಿ ಇಲ್ಲಿ ಶಿಕ್ಷಕರೊಡನೆ ನಡೆಸಿದ ಗೋಷ್ಠಿಗಳಿಂದ ಹುಟ್ಟಿದ, ಕಥೆ ಕಟ್ಟುವ ಕಲೆಯ ಕುರಿತ ತನ್ನ ಪುಸ್ತಕವನ್ನು ಮರುವರ್ಷ ಈ ನಗರಕ್ಕೇ ಅರ್ಪಿಸಿದ. 1981ರಲ್ಲಿ ಮಕ್ಕಳ ಕೃತಿಗಳ ಪ್ರದರ್ಶನ ಸ್ಟಾಕ್‌ಹೋಮ್‌ಗೆ ಹೋಯಿತು. 1991ರಲ್ಲಿ ನ್ಯೂಸ್‌ವೀಕ್ ವಾರಪತ್ರಿಕೆ ಡಯಾನಾವನ್ನು ಜಗತ್ತಿನ ಅತ್ಯುತ್ತಮ ಶಾಲೆಗಳ ಸಾಲಿಗೆ ಸೇರಿಸಿದ ಮೇಲೆ ವಿದೇಶಿ ಶಿಕ್ಷಕರ ಭೇಟಿ ಹೆಚ್ಚಿತು. 2006ರಲ್ಲಿ ಹಳೆಯ ಚೀಸ್ ಗೋದಾಮೊಂದು ಮಾಲಾಗುಟ್ಸಿ ಹೆಸರಿನ ಅಂತರರಾಷ್ಟ್ರೀಯ ಕೇಂದ್ರವಾಯಿತು.

ಬೆಂಗಳೂರಿನಲ್ಲೂ ‘ರೆಜ್ಜೊ ಪ್ರೇರಿತ’ ಎಂದು ಹೇಳಿಕೊಳ್ಳುವ ಖಾಸಗಿ ಶಿಶುವಿಹಾರಗಳಿವೆ. ನಗರಸಭೆಯ ಹಣದಲ್ಲಿ ಬೆಳೆದ ವಿಚಾರ ಇಲ್ಲಿ ಹೆಚ್ಚಾಗಿ ಶುಲ್ಕ ಕಟ್ಟಬಲ್ಲವರ ಮಕ್ಕಳಿಗೇ ಸಿಗುತ್ತಿರುವುದು ಬೇಸರದ ಸಂಗತಿ. ಸಾಮಗ್ರಿ ದುಬಾರಿಯೇನಲ್ಲ: ರೆಜ್ಜೊದಲ್ಲಿ 1996ರಲ್ಲಿ ಆರಂಭವಾದ ‘ರೆಮೀದಾ’ ಕೇಂದ್ರ ಕಾರ್ಖಾನೆಗಳಲ್ಲಿ ಉಳಿದ ಬಟ್ಟೆ, ರಟ್ಟು, ಪ್ಲಾಸ್ಟಿಕ್ ತುಂಡುಗಳನ್ನು ಕೂಡಿಸಿ ಶಾಲೆಗಳಿಗೆ ಕೊಡುತ್ತದೆ. ಖರ್ಚಾಗುವುದು ಜನರಿಗೆ. ನಮ್ಮ ಅಂಗನವಾಡಿಯಲ್ಲಿ ಸಾಮಾನ್ಯವಾಗಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಇದ್ದರೆ, ಅಲ್ಲಿ ಒಂದೊಂದು ತರಗತಿಗೇ ಇಬ್ಬರು ಶಿಕ್ಷಕಿಯರು, ಶಾಲೆಗೊಬ್ಬ ಅಟೆಲಿಯರಿಸ್ತಾ, ಅಡುಗೆಯವರು, ಜೊತೆಗೆ ದಾಖಲೆ ಬರೆಯಲು, ಪಾಲಕರನ್ನು ಕಾಣಲು ಕೆಲಸದ ವೇಳೆಯಲ್ಲೇ ಬಿಡುವು ಇರುತ್ತದೆ.