ಪುಟ ಕಟ್ಟುವ ಗಣಕಕ್ಕೆ ಎಷ್ಟು ಸ್ಮೃತಿ ಬೇಕು?

1981ರಲ್ಲಿ ಬಂದ ಐಬಿಎಂ ಪಿಸಿಯ ಮೂಲ ಮಾದರಿಯಲ್ಲಿದ್ದ ರ‍್ಯಾಮ್ ಕೇವಲ 16 ಕಿಲೊಬೈಟ್. ಡಾಸ್ ಕಾಲದ ಎಲ್ಲೆ 640 ಕಿಲೊಬೈಟ್. ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಗಣಕದೊಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು. ಆಗ ಕನ್ನಡವೂ ಒಂದು ಬಿಡಿಭಾಗವೇ! ಕೆ.ಪಿ. ರಾವ್ ಅವರ ‘ಸೇಡಿಯಾಪು’, ಬಳಿಕ ‘ನುಡಿ’ಯಂಥ ತಂತ್ರಾಂಶಗಳು ಕನ್ನಡವನ್ನು ಕಾರ್ಡಿನ ಹಂಗಿನಿಂದ ಬಿಡಿಸಿದವು.

ಅಕ್ಷರ ಹಗುರ, ಚಿತ್ರ ಭಾರ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯ ಚಿತ್ರವನ್ನು ಎ4 ಪುಟದ ತುಂಬ ಅಚ್ಚು ಹಾಕಬೇಕೆನ್ನಿ. ಅಂಗುಲಕ್ಕೆ 300 ಚುಕ್ಕಿಗಳಂತೆ ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. ನಾಲ್ಕು ಬಣ್ಣದ ಮುದ್ರಣಕ್ಕೆ ಚುಕ್ಕಿಗೆ 4 ಬೈಟ್. ಒಟ್ಟು ಸುಮಾರು 35 ಮೆಗಾಬೈಟ್. 1995ರಲ್ಲಿ ವಿಂಡೋಸ್ 95 ಕೇಳುತ್ತಿದ್ದ ಕನಿಷ್ಠ ರ‍್ಯಾಮ್ 4 ಮೆಗಾಬೈಟ್! ಹಿಡಿಸದ ಭಾಗವನ್ನು ಹಾರ್ಡ್ ಡಿಸ್ಕಿಗೆ ಹಾಕಿ ತೆಗೆಯುತ್ತಿರಬೇಕು. ರ‍್ಯಾಮಿನ ವಿಳಂಬ ನ್ಯಾನೋಸೆಕೆಂಡುಗಳಲ್ಲಿ, ಡಿಸ್ಕಿನದು ಮಿಲಿಸೆಕೆಂಡುಗಳಲ್ಲಿ. ಎಂಥ ಚುರುಕು ಸಂಸ್ಕಾರಕ ಕೊಂಡರೂ ಅದು ಕಾಯುತ್ತ ಕೂರುತ್ತಿತ್ತು. ಆಗಿನ ಪುಟವಿನ್ಯಾಸಕರು ಹಣವನ್ನು ಮೊದಲು ರ‍್ಯಾಮಿಗೆ ಹಾಕಿದ್ದರೆ ಅದು ಜಾಣತನವೇ.

32 ಬಿಟ್ ವಿಳಾಸಗಳ ಎಲ್ಲೆ 4 ಗಿಗಾಬೈಟ್; 64 ಬಿಟ್ ಬಂದು ಅದೂ ಸರಿಯಿತು. ಇಂದು ಜಗತ್ ಬಡಾವಣೆಯ ವಿದ್ಯಾರ್ಥಿ ವಿಡಿಯೊ ಸಂಕಲನಕ್ಕೆ ಗಣಕ ಜೋಡಿಸಹೊರಟರೂ ಮೊದಲು ಮಾಡಬೇಕಾದ್ದು ಇದೇ ಗುಣಾಕಾರ. ಆಮೇಲೆ ಮದರ್‌ಬೋರ್ಡ್ ನೋಡಲಿ: ಡಿಡಿಆರ್5 ಕಿಂಡಿಗೆ ಡಿಡಿಆರ್4 ಪಟ್ಟಿ ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ.