ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ನಮ್ಮ ಮಾಹಿತಿ ಖಾಸಗಿ ಕಂಪನಿ ಪಾಲಾಗುತ್ತದೆಯೇ?

ನಂಜನಗೂಡಿನಲ್ಲಿ ಕಪಿಲಾ ಉಕ್ಕಿ ರಸ್ತೆ ಹಾಳಾದರೆ, ತಿ. ನರಸೀಪುರದಲ್ಲಿ ನಾಲೆ ನೀರು ಕೊನೆಯ ಗದ್ದೆಗೆ ತಲುಪದಿದ್ದರೆ ಈಗ ಮೊಬೈಲಿನಲ್ಲೇ ದೂರು ಕೊಡಬಹುದು. ರಾಜ್ಯ ಸರ್ಕಾರದ ಜನಸ್ಪಂದನ (ಸಹಾಯವಾಣಿ 1902) ಇದೆ. ಸಲಹೆ ಕೊಡಲು ಕೇಂದ್ರ ಸರ್ಕಾರ 2014ರಲ್ಲಿ ಶುರುಮಾಡಿದ ಮೈಗವ್ ಇದೆ. ಆದರೆ “ಇವೆಲ್ಲ ಖಾಸಗಿ ಕಂಪನಿಯ ಕೈಯಲ್ಲಿವೆ, ಹೆಸರು, ನಂಬರ್ ಕೊಡಬೇಡಿ” ಎನ್ನುವ ಸಂದೇಶ ಬಂದರೆ ನಂಬಬೇಕೇ?

ಚಿಕ್ಕ ಉತ್ತರ: ಅರ್ಧ ನಿಜ.

ಕ್ಲೌಡ್ ಎಂದರೇನು?

ಭತ್ತ ಇಡಲು ಗೋದಾಮು ಬಾಡಿಗೆಗೆ ಹಿಡಿದ ಹಾಗೆ. ಗೋದಾಮು ಅವರದು, ಭತ್ತ ನಮ್ಮದು. ಹಲವು ಸರ್ಕಾರಿ ಪೋರ್ಟಲ್‌ಗಳು ಸರ್ಕಾರದ್ದೇ ಆದ ಎನ್‌ಐಸಿ ಅಥವಾ ರಾಜ್ಯ ಡೇಟಾ ಸೆಂಟರ್‌ನಲ್ಲಿವೆ. ಕೆಲವು ಮಾತ್ರ ಖಾಸಗಿ ಕ್ಲೌಡ್‌ನಲ್ಲಿವೆ.

ಬಾಡಿಗೆ ಏಕೆ?

ಒಂದೇ ದಿನ ಜನ ಮುಗಿಬಿದ್ದರೆ ಸ್ವಂತ ಸರ್ವರ್ ಸಾಲುವುದಿಲ್ಲ. 2021ರ ಏಪ್ರಿಲ್ 28ರಂದು ಕೋವಿನ್‌ನಲ್ಲಿ 1 ಕೋಟಿಗೂ ಹೆಚ್ಚು ಜನ ಲಸಿಕೆಗೆ ಹೆಸರು ನೋಂದಾಯಿಸಿದರು. ಕೋವಿನ್ ನಡೆದದ್ದು ಅಮೆಜಾನ್ ಕಂಪನಿಯ ಕ್ಲೌಡ್ ಮೇಲೆ.

ಕಂಪನಿ ಮಾಹಿತಿ ಬಳಸಬಹುದೇ?

ಕೇಂದ್ರದ ‘ಮೇಘರಾಜ್’ ಯೋಜನೆಯಡಿ ಮಾನ್ಯತೆ ಪಡೆದ ಕಂಪನಿ ಸರ್ಕಾರದ ಮಾಹಿತಿಯನ್ನು ಭಾರತದೊಳಗೇ ಇಡಬೇಕು, ತಪಾಸಣೆಗೆ ಒಳಪಡಬೇಕು. ಮಾಹಿತಿಯ ಒಡೆತನ ಇಲಾಖೆಯದು.

ಹಾಗಾದರೆ ಭಯವೇ ಬೇಡವೇ?

ಬೇಕು, ಆದರೆ ಸರಿಯಾದ ಕಡೆ. 2023ರ ಜೂನ್‌ನಲ್ಲಿ ಲಸಿಕೆ ಪಡೆದವರ ವೈಯಕ್ತಿಕ ವಿವರಗಳು ಟೆಲಿಗ್ರಾಮ್ ಬಾಟ್ ಒಂದರಲ್ಲಿ ಸಿಗತೊಡಗಿದವು. ಕೋವಿನ್ ಸುರಕ್ಷಿತವಾಗಿದೆ ಎಂದು ಆರೋಗ್ಯ ಸಚಿವಾಲಯ ಹೇಳಿತು. ನಂತರ ಬಿಹಾರದಲ್ಲಿ ಬಂಧನವೂ ಆಯಿತು. ಗೋದಾಮು ಯಾರದು ಎಂಬುದಷ್ಟೇ ಅಲ್ಲ, ಬೀಗದ ಕೈ ಯಾರ ಯಾರ ಹತ್ತಿರ ಇದೆ ಎಂಬುದೂ ಮುಖ್ಯ.

ಇನ್ನೊಂದು ಅಪಾಯ ಅವಲಂಬನೆ. 2025ರ ಜುಲೈನಲ್ಲಿ ಯುರೋಪಿನ ನಿರ್ಬಂಧದ ಬೆನ್ನಲ್ಲೇ ಮೈಕ್ರೋಸಾಫ್ಟ್, ಭಾರತದ ನಯಾರಾ ಎನರ್ಜಿ ಕಂಪನಿಗೆ ಸೇವೆ ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಸೇವೆ ಮರಳಿತು. ಜನರ ದೂರಿನ ಪೋರ್ಟಲ್‌ಗೆ ಹೀಗಾದರೆ? ಆದ್ದರಿಂದಲೇ ಕರಾರಿನಲ್ಲಿ ಬದಲಿ ವ್ಯವಸ್ಥೆ ಇರಬೇಕು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ. ಆದರೆ ಅದರಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳಿವೆ. ಹಾಗಾಗಿ ಕೇಳುವ ಕೆಲಸ ನಮ್ಮದೇ.

ನಾವು ಏನು ಮಾಡಬಹುದು?

• ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ವಿಳಾಸದಲ್ಲಿ ಮೊದಲ ಗೆರೆಗೆ (/) ಮುಂಚೆ ಬರುವ ಕೊನೆಯ ಭಾಗ ‘ಜಿಒವಿ ಡಾಟ್ ಇನ್’ ಆಗಿದೆಯೇ ನೋಡಿ.
• ಬೀದಿ ದೀಪದ ದೂರಿಗೆ ಆಧಾರ್ ಪ್ರತಿ, ಬ್ಯಾಂಕ್ ಖಾತೆ ಬೇಕಿಲ್ಲ. ಕೇಳಿದರೆ ಅನುಮಾನಿಸಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ.
• ಪೋರ್ಟಲ್‌ನ ಮಾಹಿತಿ ಎಲ್ಲಿದೆ, ಯಾವ ಕಂಪನಿ ಜೊತೆ ಕರಾರು ಆಗಿದೆ ಎಂದು ₹10 ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ.
• ಮೊಬೈಲ್ ಬೇಡವೆನಿಸಿದರೆ ತಾಲ್ಲೂಕು ಕಚೇರಿಗೆ ಕಾಗದದಲ್ಲೇ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ.

ಭಯದಿಂದ ದೂರು ಕೊಡುವುದನ್ನೇ ಬಿಟ್ಟರೆ ರಸ್ತೆಯ ಗುಂಡಿ ಹಾಗೇ ಉಳಿಯುತ್ತದೆ. ಆ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸುವ ಬದಲು ಇದನ್ನು ಕಳಿಸಿ.