ತೊಟ್ಟಿಲಿಗೆ ಗಾಲಿ ಬಂದ ಕಥೆ

ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಲಘಟಗಿಯ ತೊಟ್ಟಿಲು... ನಮ್ಮ ಬಾಗಲಕೋಟೆ ಕಡೆ ಬಾಣಂತಿಯ ಮಾತು ಬಂತೆಂದರೆ ಈ ಮೂರೂ ಹೆಸರು ಜೊತೆಯಾಗಿಯೇ ಬರುತ್ತವೆ. ಈ ಪಟ್ಟಿಯಲ್ಲಿ ಪ್ರಾಂ ಇಲ್ಲ. ಇನ್ನೆರಡು ತಿಂಗಳಲ್ಲಿ ನಮ್ಮ ಮನೆಗೂ ಒಂದು ಕೂಸು ಬರಲಿದೆ. ಹೆರಿಗೆ, ಬಾಣಂತನ ಹೆಂಡತಿಯ ತವರುಮನೆ ಇಳಕಲ್ಲಿನಲ್ಲಿ, ಆಮೇಲೆ ಬಾಗಲಕೋಟೆಯ ನವನಗರ, ಕೊನೆಗೆ ಬೆಂಗಳೂರು. ಎಂಜಿನಿಯರ್ ಬುದ್ಧಿ ನೋಡಿ, ಕೂಸು ಬರುವ ಮೊದಲೇ ಗಾಡಿಯ ವಿವರ ಹುಡುಕುತ್ತ ಕುಳಿತಿದ್ದೇನೆ! ಅವ್ವ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಗಾಡಿ ತರ್ತಿ ಖರೆ, ಅದನ್ನ ನೂಕೂದು ಎಲ್ಲೆಪಾ?"

ತಮಾಷೆಯಂತೆ ಕಂಡರೂ ಪ್ರಾಮಿನ ಇತಿಹಾಸವೆಲ್ಲ ಈ ಪ್ರಶ್ನೆಯಲ್ಲೇ ಇದೆ ಎಂದು ಓದುತ್ತ ಹೋದಂತೆ ನನಗನಿಸಿತು. ತೊಟ್ಟಿಲಿಗೆ ತಲೆಯ ಮೇಲೊಂದು ತೊಲೆ ಬೇಕು. ಪ್ರಾಮಿಗೆ ಕಾಲ ಕೆಳಗೊಂದು ರಸ್ತೆ ಬೇಕು. ಯಾವ ಊರಲ್ಲಿ ಯಾವುದು ಗಟ್ಟಿಯಾಗಿತ್ತೋ ಅಲ್ಲಿನ ಕೂಸು ಅದರಲ್ಲಿ ಮಲಗಿತು.

ಮೊದಲು ನಮ್ಮ ಕಡೆಯದು. ಬಾದಾಮಿಯ ಪುರಾತತ್ವ ಸಂಗ್ರಹಾಲಯಕ್ಕೆ ಹೋದವರು ಲಜ್ಜಾಗೌರಿಯನ್ನು ನೋಡಿಯೇ ಇರುತ್ತೀರಿ. ಚಾಲುಕ್ಯರ ಕಾಲದ ಶಿಲ್ಪ, ತಲೆಯ ಜಾಗದಲ್ಲಿ ಕಮಲ, ಹೆರುವ ಭಂಗಿ. ಅದು ಸಿಕ್ಕಿದ್ದು ಬಾದಾಮಿ ಹತ್ತಿರದ ನಾಗನಾಥಕೊಳ್ಳದಲ್ಲಿ. ಐಹೊಳೆ ಸಮೀಪದ ಸಿದ್ಧನಕೊಳ್ಳದಲ್ಲಿ ಇದೇ ದೇವಿಗೆ ಮಕ್ಕಳಾಗಲೆಂದು ಹರಕೆ ಹೊರುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಅಂದರೆ ಹುನಗುಂದ, ಬಾದಾಮಿಯ ಈ ಕಲ್ಲುಗುಡ್ಡಗಳ ನಡುವೆ ಕೂಸಿನ ಚಿಂತೆಗೆ ಕಡಿಮೆಯೆಂದರೂ 1,300 ವರ್ಷಗಳ ಇತಿಹಾಸವಿದೆ.

ಬಾದಾಮಿಯ ಗುಹೆಗಳಲ್ಲಿ ಕೃಷ್ಣನ ಕಥೆಗಳ ಕೆತ್ತನೆಗಳೂ ಇವೆ. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದ್ದು, ಅದರ ಕಾಲ ಕ್ರಿ.ಶ. 578. ಕೃಷ್ಣನ ಬಾಲ್ಯದ ಕಥೆಗಳಲ್ಲಿ ನನ್ನ ವಿಷಯಕ್ಕೆ ಬೇಕಾದದ್ದು ಭಾಗವತದ ಶಕಟಾಸುರನ ಕಥೆ. ಯಶೋದೆ ಕೂಸನ್ನು ಗಾಡಿಯ ಕೆಳಗೆ ಮಲಗಿಸಿ ಅತಿಥಿಗಳ ಉಪಚಾರದಲ್ಲಿ ತೊಡಗುತ್ತಾಳೆ. ಕೂಸು ಹಾಲಿಗಾಗಿ ಅತ್ತು ಕಾಲು ಝಾಡಿಸಿದರೆ ಗಾಡಿಯೇ ಮಗುಚಿ ಬೀಳುತ್ತದೆ. ದೇವರಾದ್ದರಿಂದ ಬದುಕಿದ. ನಮ್ಮ ನಿಮ್ಮ ಮಕ್ಕಳಿಗೆ ಆ ಅನುಕೂಲವಿಲ್ಲ :-) ಗಾಲಿಯಿರುವ ಯಾವುದರ ಹತ್ತಿರವೂ ಕೂಸನ್ನು ಒಂಟಿಯಾಗಿ ಬಿಡಬಾರದೆಂಬ ಪಾಠ ಎಷ್ಟು ಹಳೆಯದು ನೋಡಿ.

ನಮ್ಮ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆ ದಪ್ಪ, ಮೇಲೆ ಸಾಲಾಗಿ ತೊಲೆ, ಜಂತಿ. ಬಿಸಿಲ ನಾಡಾದ್ದರಿಂದ ಹಾಗೆ ಕಟ್ಟಿದರು. ಆ ತೊಲೆಗೆ ಹಗ್ಗ ಹಾಕಿ, ಅಜ್ಜಿಯ ಹಳೆಯ ಹತ್ತಿ ಸೀರೆ ಕಟ್ಟಿದರೆ ಜೋಳಿಗೆ ಸಿದ್ಧ. ಹದಿನಾರು ಮೊಳದ ಸೀರೆ, ನೂರಾರು ಸಲ ಒಗೆದು ಬೆಣ್ಣೆಯಂತಾದದ್ದು, ಗಾಳಿಯಾಡುತ್ತದೆ, ನೆಲದ ಚೇಳು ಇರುವೆಗಳಿಂದ ದೂರ. ಹೊಲಕ್ಕೆ ಹೋದರೆ ಬೇವಿನ ಮರದ ಟೊಂಗೆಗೂ ಅದೇ ಜೋಳಿಗೆ. ಕಾಸು ಖರ್ಚಿಲ್ಲ. ಉಳ್ಳವರ ಮನೆಗೆ ಕಲಘಟಗಿಯ ಚಿತ್ರಗಾರರು ಮಾಡಿದ ಬಣ್ಣದ ಮರದ ತೊಟ್ಟಿಲು. ಅದರ ಮೇಲೆ ರಾಮಾಯಣ ಮಹಾಭಾರತದ ಚಿತ್ರಗಳು. ಒಂದೇ ತೊಟ್ಟಿಲು ಮೂರು ತಲೆಮಾರು ತೂಗುವುದೂ ಉಂಟು. ಹೊರಗೆ ಹೋಗುವಾಗ ಖಣದ ಕುಂಚಿಗೆ ತೊಡಿಸಿ ಕೂಸನ್ನು ಟೊಂಕದ ಮೇಲೆ ಕೂರಿಸಿಕೊಂಡರೆ ಮುಗಿಯಿತು. ಕಲ್ಲು ಹಾಸಿದ ಇಕ್ಕಟ್ಟು ಓಣಿ, ಮೆಟ್ಟಿಲು, ಗಟಾರು. ಅಲ್ಲಿ ಗಾಲಿ ಉರುಳಿಸುವ ಯೋಚನೆ ಯಾರಿಗೆ ಬಂದೀತು?

(ಅಂದ ಹಾಗೆ, ಇಳಕಲ್ಲಿಗೆ ಇನ್ನೊಂದು ಜೋಳಿಗೆಯೂ ಇದೆ. ಅಲ್ಲಿನ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಕುಡಿತ, ತಂಬಾಕಿನ ಚಟಗಳನ್ನೇ ಭಿಕ್ಷೆ ಬೇಡಿದರು. ಕೂಸಿರುವ ಮನೆಗಳಿಗೆ ಅದು ಯಾವ ತೊಟ್ಟಿಲಿಗೂ ಕಡಿಮೆಯಲ್ಲ.)

ಈಗ ಇಂಗ್ಲೆಂಡಿಗೆ ಬನ್ನಿ. 1733ರಲ್ಲಿ ವಿಲಿಯಂ ಕೆಂಟ್ ಎಂಬ ವಿನ್ಯಾಸಕಾರ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನ ಆಕಾರದ ಪುಟ್ಟ ಗಾಡಿ ಮಾಡಿದ. ಎಳೆಯುವುದಕ್ಕೆ ಆಡು ಅಥವಾ ಸಣ್ಣ ಕುದುರೆ. ಅದು ಶ್ರೀಮಂತರ ತೋಟದ ಆಟಿಕೆ ಅಷ್ಟೇ. ಮುಂದಿನ ಶತಮಾನದಲ್ಲಿ ನಗರಗಳಿಗೆ ಕಾಲುದಾರಿ, ಉದ್ಯಾನಗಳು ಬಂದ ಮೇಲೆ ಎಳೆಯುವ ಗಾಡಿ ನೂಕುವ ಗಾಡಿಯಾಯಿತು. ನೂಕಿದರೆ ಕೂಸು ಕಣ್ಣೆದುರೇ ಇರುತ್ತದೆ. 1889ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಎಚ್. ರಿಚರ್ಡ್‌ಸನ್ ಕೂಸಿನ ಮುಖವನ್ನು ನೂಕುವವರ ಕಡೆಗೂ ತಿರುಗಿಸಬಹುದಾದ ಗಾಡಿಗೆ ಪೇಟೆಂಟ್ ಪಡೆದ. ಆದರೂ ಅವೆಲ್ಲ ರಥಗಳೇ! ಬಸ್ಸಿಗೆ ಹತ್ತಿಸುವಂತಿರಲಿಲ್ಲ.

ಅದನ್ನು ಬದಲಿಸಿದವನು ಓವೆನ್ ಮ್ಯಾಕ್ಲಾರೆನ್. ವಿಮಾನದ ಎಂಜಿನಿಯರ್, ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಚೌಕಟ್ಟಿನ ಮೇಲೆ ಕೆಲಸ ಮಾಡಿದವನು. ಮಗಳು ಮೊಮ್ಮಗುವಿನ ಭಾರದ ಗಾಡಿಯನ್ನು ಹೊತ್ತು ಒದ್ದಾಡುವುದನ್ನು ನೋಡಿ, 1965ರಲ್ಲಿ ಅಲ್ಯುಮಿನಿಯಂ ಕೊಳವೆಗಳಿಂದ ಕೊಡೆಯ ಹಾಗೆ ಮಡಚುವ ಗಾಡಿ ರೂಪಿಸಿದ. ತೂಕ 3 ಕೆ.ಜಿ.ಗೂ ಕಡಿಮೆ. ಯುದ್ಧವಿಮಾನದ ಗಾಲಿ ಮಡಚುವ ತಲೆ ಕೂಸಿನ ಗಾಡಿಯನ್ನೂ ಮಡಚಿತು. ಎಂಜಿನಿಯರುಗಳಾದ ನಾವು ಹೆಮ್ಮೆಪಡುವ ಕಥೆ.

ಆದರೆ ಮಡಚುವ ವಸ್ತುವಿಗೆ ಕೀಲಿರುತ್ತದೆ, ಕೀಲಿನಲ್ಲಿ ಬೆರಳು ಸಿಗುತ್ತದೆ. 2009ರ ನವೆಂಬರಿನಲ್ಲಿ ಅದೇ ಮ್ಯಾಕ್ಲಾರೆನ್ ಕಂಪನಿಯ ಸುಮಾರು 10 ಲಕ್ಷ ಗಾಡಿಗಳ ಬಗ್ಗೆ ಅಮೆರಿಕದಲ್ಲಿ ಎಚ್ಚರಿಕೆ ಹೊರಡಿಸಿ, ಕೀಲು ಮುಚ್ಚುವ ಕವಚಗಳನ್ನು ಕೊಡಬೇಕಾಯಿತು. ಗಾಡಿ ಬಿಚ್ಚುವಾಗ ಮಕ್ಕಳ ಬೆರಳ ತುದಿ ತುಂಡಾದ 12 ಪ್ರಕರಣಗಳು ವರದಿಯಾಗಿದ್ದವು. ಎಷ್ಟೋ ಸುರಕ್ಷತಾ ನಿಯಮಗಳ ಹಿಂದೆ ಹೀಗೆ ಯಾವುದೋ ಕೂಸಿನ ನೋವಿದೆ.

ಹಾಗಾದರೆ ನಮ್ಮ ಜೋಳಿಗೆಯೇ ಮೇಲು ಎಂದು ಮೀಸೆ ತಿರುವಬೇಕೇ? ಬೇಡ. ಜೋಳಿಗೆಯ ಬಟ್ಟೆ ಬಿಲ್ಲಿನಂತೆ ಬಾಗುತ್ತದೆ. ಹಸುಗೂಸಿಗೆ ಕತ್ತಿನ ಹಿಡಿತವಿರುವುದಿಲ್ಲ, ತಲೆ ಭಾರ. ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ, ಅಳುವ ಸದ್ದೂ ಬರದಿರಬಹುದು. ಸ್ವಲ್ಪ ದೊಡ್ಡ ಮಕ್ಕಳು ಜೋಳಿಗೆಯಲ್ಲಿ ಆಡುತ್ತ ಬಟ್ಟೆ ಕುತ್ತಿಗೆಗೆ ಸುತ್ತಿಕೊಂಡು ಸತ್ತ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಕೂಸನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ ಎಂಬ ಪ್ರಚಾರ ಅಮೆರಿಕದಲ್ಲಿ 1994ರಲ್ಲಿ ಶುರುವಾಗಿ, ನಿದ್ದೆಯಲ್ಲೇ ಹಠಾತ್ತನೆ ಸಾಯುವ ಕೂಸುಗಳ ಪ್ರಮಾಣ ಮುಂದಿನ ವರ್ಷಗಳಲ್ಲಿ ಅರ್ಧದಷ್ಟು ಇಳಿಯಿತು. ಇದು ನಮ್ಮ ಅಜ್ಜಿಯರಿಗೆ ಗೊತ್ತಿರಲಿಲ್ಲ. ಬ್ರಿಟನ್ನಿನ ಅಜ್ಜಿಯರಿಗೂ ಗೊತ್ತಿರಲಿಲ್ಲ.

ತಮಾಷೆಯೆಂದರೆ ಪ್ರಾಮಿಗೂ ಇದೇ ತಕ್ಕಡಿ. ಕೂರುವ ಗಾಡಿಯಲ್ಲಿ ಹಸುಗೂಸನ್ನು ಒರಗಿಸಿದರೆ ಜೋಳಿಗೆಯ ಅದೇ ಅಪಾಯ, ಗದ್ದ ಎದೆಗೆ. ಆದ್ದರಿಂದ ನಾನು ಬರೆದುಕೊಂಡ ಪಟ್ಟಿಯ ಮೊದಲ ಸಾಲು: ಪೂರ್ತಿ ಚಪ್ಪಟೆಯಾಗಿ ಮಲಗಿಸಲು ಬರಬೇಕು. ಕೂರಿಸುವುದು ಕೂಸು ತಾನಾಗಿ ಕೂರತೊಡಗಿದ ಮೇಲೆ, ಅಂದರೆ ಸುಮಾರು ಆರು ತಿಂಗಳಿಗೆ. ಉಳಿದವು ಹೀಗೆ:

- ಭುಜ ಎರಡು, ಸೊಂಟ ಎರಡು, ತೊಡೆಸಂದಿ ಒಂದು, ಹೀಗೆ ಐದು ಕಡೆ ಹಿಡಿಯುವ ಪಟ್ಟಿ. ಸೊಂಟದ ಪಟ್ಟಿಯೊಂದೇ ಇದ್ದರೆ ಕೂಸು ಕೆಳಕ್ಕೆ ಜಾರುತ್ತದೆ.
- ಕಾಲಲ್ಲಿ ಒತ್ತುವ ಬ್ರೇಕ್. ಬ್ರೇಕ್ ಹಾಕಿ ನೂಕಿ ನೋಡಬೇಕು, ಅಲುಗಬಾರದು.
- ಮಡಚದಂತೆ ತಡೆಯುವ ಕೊಕ್ಕೆ, ಮುಚ್ಚಿದ ಕೀಲು. ಬಿಚ್ಚುವಾಗ, ಮಡಚುವಾಗ ಮಕ್ಕಳು ದೂರ.
- ದೊಡ್ಡ ಗಾಲಿ. ಕಲ್ಲಿನ ಅಂಚನ್ನು ದೊಡ್ಡ ಗಾಲಿ ಸುಲಭವಾಗಿ ಹತ್ತುತ್ತದೆ, ಸಣ್ಣದು ಅಲ್ಲೇ ಸಿಕ್ಕಿ ಗಾಡಿ ಮುಗ್ಗರಿಸುತ್ತದೆ.
- ಹಿಡಿಕೆಗೆ ಸಂತೆಯ ಚೀಲ ನೇತುಹಾಕಬಾರದು. ಭಾರ ಹಿಂದಕ್ಕೆ ಸರಿದು ಶಕಟ ಮಗುಚುತ್ತದೆ!
- ಬಿಸಿಲೆಂದು ಮೇಲೆ ಬಟ್ಟೆ ಮುಚ್ಚಬಾರದು. ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿಯಾಡದ ಗಾಡಿ ಒಲೆಯಂತಾಗುತ್ತದೆ. ಛತ್ರಿ ಇರಲಿ, ಮುಂಭಾಗ ತೆರೆದಿರಲಿ.
- ಕಾರಿನಲ್ಲಿ ಪ್ರಾಂ ಉಪಯೋಗಕ್ಕಿಲ್ಲ. ಅದಕ್ಕೆ ಹಿಂದಕ್ಕೆ ಮುಖವಿರುವ ಬೇರೆ ಆಸನವೇ ಬೇಕು.

ಇನ್ನು ಅವ್ವನ ಪ್ರಶ್ನೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿ, ಜನರಿಗಾಗಿ ನವನಗರ ಕಟ್ಟಿದರು. ಓಣಿ ಹೋಗಿ ಸೆಕ್ಟರ್ ಬಂತು, ತೊಲೆ ಹೋಗಿ ಆರ್‌ಸಿಸಿ ಬಂತು. ತೊಟ್ಟಿಲಿಗೆ ಆಧಾರವಾದ ತೊಲೆಯನ್ನು ನೀರು ಒಯ್ದಿತು, ಪ್ರಾಮಿಗೆ ಬೇಕಾದ ಅಗಲ ರಸ್ತೆಯನ್ನು ಅದೇ ನೀರು ಕೊಟ್ಟಿತು. ಮುಳುಗಿದ ಮನೆಗಳ ಸಂಕಟ ಬಲ್ಲವರಿಗೆ ಇದು ಲಾಭವೆಂದು ಹೇಳಲು ಬಾಯಿ ಬರುವುದಿಲ್ಲ. ಆದರೂ ಸಂಜೆ ಹೊತ್ತು ಕೂಸನ್ನು ನೂಕಿಕೊಂಡು ಹೋಗಲು ಅಲ್ಲಿ ಜಾಗವಿದೆ.

ಹೀಗಾಗಿ ನಮ್ಮ ತೀರ್ಮಾನ: ಇಳಕಲ್ಲಿನ ಹಳೆಯ ಓಣಿಯಲ್ಲಿ ಟೊಂಕ, ತೋಳು, ಕುಂಚಿಗೆ. ಮನೆಯೊಳಗೆ ಚಪ್ಪಟೆ ತಳದ ಮರದ ತೊಟ್ಟಿಲು. ಅಜ್ಜಿಯ ಸೀರೆ ಜೋಳಿಗೆಯಾಗುವುದಿಲ್ಲ, ತೊಟ್ಟಿಲ ಹಾಸಿಗೆಯ ಮೇಲೆ ಬಿಗಿಯಾಗಿ ಸಿಕ್ಕಿಸಿದ ಹೊದಿಕೆಯಾಗುತ್ತದೆ. ಪ್ರಾಂ ನವನಗರಕ್ಕೆ ಬಂದ ಮೇಲೆ. ಅವ್ವ ಒಪ್ಪಿದ್ದಾಳೆ, ಆದರೆ ಅದನ್ನು "ಪ್ರಾಂ" ಅನ್ನಲು ತಯಾರಿಲ್ಲ, "ಕೂಸಿನ ಗಾಡಿ" ಅಂತಾಳೆ. ನನಗೂ ಅದೇ ಹಿಡಿಸಿತು. ನಿಮ್ಮ ಊರ ಕಡೆ ಇದಕ್ಕೆ ಏನಂತೀರಿ? ಜೋಳಿಗೆಗೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ.